ಎಪ್ಪತ್ತರಲ್ಲಿ ಮತ್ತೆ ಶಾಲೆಗೆ ಹೋದರೆ ಮೈಗೆ, ಮೆದುಳಿಗೆ ಏನಾಗುತ್ತದೆ?

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಅಂಚೆ ಕಚೇರಿಯ ಕೌಂಟರಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತರಾದರು. ಮೊದಲ ಎರಡು ತಿಂಗಳು ಚೆನ್ನಾಗಿಯೇ ಕಳೆಯಿತು. ಧರ್ಮಸ್ಥಳ, ಸುಬ್ರಹ್ಮಣ್ಯ ಆಯಿತು. ಮಗಳ ಮನೆಗೆ ಹೋಗಿ ಬಂದದ್ದಾಯಿತು. ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಮೇಲೆ ಏರಿಸಿದ್ದೂ ಆಯಿತು. ಆಮೇಲೆ ದಿನಗಳೆಲ್ಲ ಒಂದೇ ಥರ ಆಗತೊಡಗಿದವು. ಐದೂವರೆಗೆ ಏಳುತ್ತಿದ್ದವರು ಏಳೂವರೆಗೆ ಏಳತೊಡಗಿದರು. ಟಿವಿ ಮಧ್ಯಾಹ್ನ ಹನ್ನೆರಡಕ್ಕೇ ಶುರು. ಫೋನ್ ಮಾಡಿ ಏನ್ ಮಾಡ್ತಿದ್ದೀರಿ ಅಂದರೆ "ಏನಿಲ್ಲಪ್ಪ, ಸುಮ್ನೆ ಕೂತಿದ್ದೀನಿ" ಅನ್ನುವ ಉತ್ತರ. ಮೊಣಕಾಲು ನೋವು ಅಂತ ಅಂಗಡಿಗೆ ಹೋಗುವುದನ್ನೂ ಬಿಟ್ಟರು.

ಒಂದು ದಿನ ಪಕ್ಕದ ರಸ್ತೆಯ ಸರ್ಕಾರಿ ಶಾಲೆಯ ಎಚ್‌ಎಂ ಮೇಡಂ ದಾರಿಯಲ್ಲಿ ಸಿಕ್ಕು, ಓದಲು ಹಿಂದೆ ಬಿದ್ದಿರುವ ಮಕ್ಕಳಿದ್ದಾರೆ, ವಾರಕ್ಕೆ ಮೂರು ಬೆಳಗ್ಗೆ ಬಂದು ಜೊತೆಗೆ ಕೂರುತ್ತೀರಾ ಅಂತ ಕೇಳಿದರಂತೆ. ಅತ್ತೆ ಹೂಂ ಅಂದರು.

ಈಗ ಅವರಿಗೆ ಫೋನ್ ಮಾಡಿದರೆ ಮಾತಿನ ಧಾಟಿಯೇ ಬೇರೆ. ಯಾವ ಹುಡುಗ ಯಾವ ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಅನ್ನುವುದರಿಂದಲೇ ಶುರು. ಇದನ್ನು ನೋಡಿದಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಅವರು ಚುರುಕಾಗಿದ್ದು ಶಾಲೆಗೆ ಹೋಗಿದ್ದರಿಂದಲಾ? ಅಥವಾ ಒಳಗೆ ಇನ್ನೂ ಚುರುಕಾಗಿಯೇ ಇದ್ದರು, ಅದಕ್ಕೇ ಹೂಂ ಅಂದರಾ? ಒಬ್ಬರ ಕಥೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ಹಿಡಿದು ಸಾವಿರಾರು ಜನರ ಮೇಲೆ ಅಧ್ಯಯನ ಮಾಡಿದವರು ಇದ್ದಾರೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಂತೂ 702 ಹಿರಿಯರನ್ನು ಸೇರಿಸಿ, ಒಂದು ರೀತಿಯಲ್ಲಿ ಚೀಟಿ ಎತ್ತಿ, ಅರ್ಧದಷ್ಟು ಜನರನ್ನು ನಿಜವಾಗಿ ಪ್ರಾಥಮಿಕ ಶಾಲೆಗಳಿಗೆ ಕಳಿಸಿ ನೋಡಿದ್ದಾರೆ.

ಮೊದಲು ದೊಡ್ಡ ಸಮೀಕ್ಷೆಗಳ ಮಾತು. ಅಮೆರಿಕದಲ್ಲಿ 50 ದಾಟಿದವರ ಆರೋಗ್ಯವನ್ನು, ಹಣಕಾಸನ್ನು, ದಿನಚರಿಯನ್ನು ಹಲವು ವರ್ಷಗಳಿಂದ ಹಿಂಬಾಲಿಸುತ್ತಿರುವ ಒಂದು ಅಧ್ಯಯನವಿದೆ. ಅದರಿಂದ ಸುಮಾರು 13,000 ಜನರ ಮಾಹಿತಿ ತೆಗೆದುಕೊಂಡು ಮಾಡಿದ ಲೆಕ್ಕ 2020ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಗಂಟೆ ಅಥವಾ ಜಾಸ್ತಿ ಸ್ವಯಂಸೇವೆ ಮಾಡುವವರನ್ನು, ಏನೂ ಮಾಡದವರ ಜೊತೆ ಹೋಲಿಸಿದರು. 100 ಗಂಟೆ ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ ವಾರಕ್ಕೆ ಎರಡು ಗಂಟೆ ಅಷ್ಟೇ. ನಾಲ್ಕು ವರ್ಷಗಳ ಅವಧಿಯಲ್ಲಿ ಸೇವೆ ಮಾಡುವವರಲ್ಲಿ ಸಾವಿನ ಅಪಾಯ 44% ಕಡಿಮೆ ಇತ್ತು. ನಡೆಯುವುದು, ಮೆಟ್ಟಿಲು ಹತ್ತುವುದು, ಸಾಮಾನು ಎತ್ತುವುದು ಕಷ್ಟವಾಗುವ ಅಪಾಯ 17% ಕಡಿಮೆ ಇತ್ತು. ಒಂಟಿತನ, ಹತಾಶೆ ಕೂಡ ಕಡಿಮೆ.

ಈ 44% ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೂರು ಜನರಲ್ಲಿ 44 ಜನ ಸಾವಿನಿಂದ ಪಾರಾದರು ಅಂತ ಇದರ ಅರ್ಥ ಅಲ್ಲ. ಉದಾಹರಣೆಗೆ, ಸೇವೆ ಮಾಡದ ನೂರು ಜನರಲ್ಲಿ ಹತ್ತು ಜನ ತೀರಿಕೊಂಡರೆ, ಸೇವೆ ಮಾಡುವ ನೂರು ಜನರಲ್ಲಿ ಐದೋ ಆರೋ ಜನ ತೀರಿಕೊಂಡರು ಅಂತ. ಅದು ಸಣ್ಣ ವ್ಯತ್ಯಾಸ ಏನಲ್ಲ. ಆದರೆ ಮೊದಲ ಸಲ ಕೇಳಿದಾಗ ತಲೆಯಲ್ಲಿ ಮೂಡುವ ಚಿತ್ರಕ್ಕಿಂತ ಚಿಕ್ಕದು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಸುದ್ದಿ ಹಂಚುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ, ಪಾರ್ಶ್ವವಾಯು, ಹೃದ್ರೋಗ, ಕ್ಯಾನ್ಸರ್, ಸಂಧಿವಾತ, ದೀರ್ಘಕಾಲದ ನೋವು, ಮರೆವು: ಇವು ಯಾವುದರಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಪಿ ವಿಷಯದಲ್ಲಿ 2013ರ ಇನ್ನೊಂದು ಅಧ್ಯಯನ ಬೇರೆಯೇ ಹೇಳಿತ್ತು. ವರ್ಷಕ್ಕೆ 200 ಗಂಟೆ ಸೇವೆ ಮಾಡಿದವರಿಗೆ ನಾಲ್ಕು ವರ್ಷದ ನಂತರ ಬಿಪಿ ಬರುವ ಸಾಧ್ಯತೆ 40% ಕಡಿಮೆ ಅಂತ. ಆದರೆ ಅದರಲ್ಲಿ ಇದ್ದವರು ಸುಮಾರು 1,160 ಜನ. ಅದಕ್ಕಿಂತ ಹತ್ತು ಪಟ್ಟು ದೊಡ್ಡ ಲೆಕ್ಕದಲ್ಲಿ ಆ ಲಾಭ ಕಾಣಲಿಲ್ಲ. ಹಾಗಾಗಿ ಸೇವೆ ಮಾಡಿದರೆ ಬಿಪಿ ಇಳಿಯುತ್ತೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ನಮ್ಮತ್ತೆ ಬಿಪಿ ಮಾತ್ರೆಯನ್ನು ಈಗಲೂ ಬೆಳಗ್ಗೆ ತಿಂಡಿಯಾದ ಮೇಲೆ ತಪ್ಪದೆ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲೇಬೇಕು.

ಈಗ ಮುಖ್ಯವಾದ ತೊಡಕಿಗೆ ಬರೋಣ. ಇದನ್ನು ಅರ್ಥ ಮಾಡಿಕೊಂಡರೆ ಆರೋಗ್ಯದ ಬಗ್ಗೆ ಬರುವ ಅರ್ಧಕ್ಕರ್ಧ ಸುದ್ದಿಗಳನ್ನು ಸರಿಯಾಗಿ ಓದಬಹುದು.

ಬೆಳಗ್ಗೆ ಆರು ಗಂಟೆಗೆ ಲಾಲ್‌ಬಾಗಿಗೆ ಹೋಗಿ ನಿಂತು ನೋಡಿ. ಎಪ್ಪತ್ತು ದಾಟಿದವರು ಎಷ್ಟು ಚೆನ್ನಾಗಿ ನಡೆಯುತ್ತಿರುತ್ತಾರೆ! ಲಾಲ್‌ಬಾಗಿಗೆ ಬಂದರೆ ಆರೋಗ್ಯ ಚೆನ್ನಾಗಿರುತ್ತೆ ಅಂತ ಅನಿಸಿಬಿಡುತ್ತದೆ. ಆದರೆ ಸೊಂಟ ಮುರಿದುಕೊಂಡು ಮಲಗಿದವರು, ಡಯಾಲಿಸಿಸ್‌ಗೆ ಹೋಗುವವರು, ಮನಸ್ಸು ಕುಗ್ಗಿ ಬಾಗಿಲು ಹಾಕಿಕೊಂಡು ಕೂತವರು ಅಲ್ಲಿಗೆ ಬಂದೇ ಇರುವುದಿಲ್ಲ ಅಲ್ವಾ? ನಡೆದಾಡಲು ಆಗುವವರೇ ಅಲ್ಲಿಗೆ ಬಂದಿರುತ್ತಾರೆ. ಸ್ವಯಂಸೇವೆಯೂ ಹಾಗೆಯೇ. ಆರೋಗ್ಯ ಇದ್ದವರು, ಕೈಯಲ್ಲಿ ಒಂದಿಷ್ಟು ದುಡ್ಡಿದ್ದವರು, ಓದಿಕೊಂಡವರು, ನಾಲ್ಕು ಜನರ ಜೊತೆ ಬೆರೆಯುವ ಸ್ವಭಾವದವರು ಸೇವೆಗೆ ಹೋಗುವುದು ಜಾಸ್ತಿ. ಅವರು ಹೇಗಿದ್ದರೂ ಹೆಚ್ಚು ಕಾಲ ಬದುಕುವ ಸಾಧ್ಯತೆ ಇರುತ್ತದೆ.

ಸಂಶೋಧಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವರು ವಯಸ್ಸು, ಆದಾಯ, ಓದು, ಮೊದಲೇ ಇದ್ದ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ಸರಿಸುಮಾರು ಒಂದೇ ಥರದವರನ್ನು ಒಬ್ಬರಿಗೊಬ್ಬರು ಹೋಲಿಸಲು ನೋಡುತ್ತಾರೆ. ಹಾಗೆ ಮಾಡಿದಾಗ ಏನಾಗುತ್ತದೆ ಗೊತ್ತಾ? ಲಾಭ ಕುಗ್ಗುತ್ತದೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಏನನ್ನೂ ಹೊಂದಿಸದೆ ಲೆಕ್ಕ ಹಾಕಿದರೆ ಸಾವಿನ ಅಪಾಯ 47% ಕಡಿಮೆ ಬಂತು. ಇವೆಲ್ಲವನ್ನೂ ಹೊಂದಿಸಿದ ಮೇಲೆ ಅದು 24%ಕ್ಕೆ ಇಳಿಯಿತು. ಅಂದರೆ ಹೆಚ್ಚುಕಮ್ಮಿ ಅರ್ಧದಷ್ಟು ಲಾಭ ಲಾಲ್‌ಬಾಗಿನ ಲೆಕ್ಕದ್ದು. ಉಳಿದ ಅರ್ಧ ಇನ್ನೂ ನಿಂತಿದೆ. ಆದರೆ ಅಳೆಯಲು ಬಾರದ ಸಂಗತಿಗಳೂ ಇರುತ್ತವೆ. ಒಬ್ಬರ ಹುಮ್ಮಸ್ಸನ್ನು ಯಾವ ಅರ್ಜಿಯಲ್ಲಿ ತುಂಬಿಸುವುದು?

ಇದಕ್ಕೆ ಒಂದೇ ದಾರಿ. ಯಾರು ಸೇವೆಗೆ ಹೋಗಬೇಕು ಅನ್ನುವುದನ್ನು ಅವರ ಆರೋಗ್ಯವೂ ನಿರ್ಧರಿಸಬಾರದು, ಸ್ವಭಾವವೂ ನಿರ್ಧರಿಸಬಾರದು. ಚೀಟಿ ನಿರ್ಧರಿಸಬೇಕು. ಬಾಲ್ಟಿಮೋರ್‌ನಲ್ಲಿ ಮಾಡಿದ್ದು ಇದನ್ನೇ.

ಇದರ ಹಿಂದೆ ಇದ್ದವರು ಲಿಂಡಾ ಫ್ರೀಡ್. ಮುಪ್ಪಿನ ಕಾಯಿಲೆಗಳ ವೈದ್ಯೆ, ಆಗ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ವಯಸ್ಸಾದವರು "ಸೊರಗಿಹೋಗಿದ್ದಾರೆ" ಅಂತ ನಾವು ಹೇಳುತ್ತೇವಲ್ಲ, ಆ ಸೊರಗುವಿಕೆಯನ್ನು ವೈದ್ಯಕೀಯವಾಗಿ ಅಳೆಯುವ ಐದು ಗುರುತುಗಳನ್ನು 2001ರಲ್ಲಿ ಕೊಟ್ಟವರು ಇವರು ಮತ್ತು ಇವರ ಜೊತೆಗಾರರು. ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಇದ್ದರೆ ಆ ವ್ಯಕ್ತಿ ಸೊರಗಿದ್ದಾರೆ ಅಂತ ಲೆಕ್ಕ. ಜಗತ್ತಿನ ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವ ಅಳತೆ ಇದು. ಈ ಐದು ಗುರುತುಗಳು ಒಂದನ್ನೊಂದು ಎಳೆಯುತ್ತವೆ. ಓಡಾಟ ಕಡಿಮೆಯಾದರೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ನಡಿಗೆ ನಿಧಾನ. ನಡಿಗೆ ನಿಧಾನವಾದರೆ ಹೊರಗೆ ಹೋಗಲು ಬೇಜಾರು. ಹೊರಗೆ ಹೋಗದಿದ್ದರೆ ಓಡಾಟ ಇನ್ನೂ ಕಡಿಮೆ. ನಮ್ಮತ್ತೆ ಅಂಗಡಿಗೆ ಹೋಗುವುದನ್ನು ಬಿಟ್ಟಾಗ ನನಗೆ ಕಳವಳವಾಗಿದ್ದು ಇದಕ್ಕೇ.

ಈ ಸುತ್ತನ್ನು ಎಲ್ಲಿ ಕತ್ತರಿಸುವುದು? ವ್ಯಾಯಾಮ ಮಾಡಿ ಅಂದರೆ ಜನ ಮೂರು ವಾರ ಮಾಡಿ ಬಿಡುತ್ತಾರೆ. ಅದು ಎಲ್ಲ ದೇಶದ ಕಥೆ. ಅದರಲ್ಲೂ ಬಡವರಿಗೆ, ಜಿಮ್ ಇಲ್ಲದ, ಒಳ್ಳೆಯ ಪಾರ್ಕ್ ಇಲ್ಲದ ಬಡಾವಣೆಗಳಲ್ಲಿ ಇರುವವರಿಗೆ ಆ ಸಲಹೆ ಮುಟ್ಟುವುದೇ ಇಲ್ಲ. ಫ್ರೀಡ್ ಅವರು ಮಾರ್ಕ್ ಫ್ರೀಡ್ಮನ್ ಎಂಬುವರ ಜೊತೆ ಸೇರಿ ರೂಪಿಸಿದ್ದು "ಎಕ್ಸ್‌ಪೀರಿಯೆನ್ಸ್ ಕೋರ್" ಅನ್ನುವ ಯೋಜನೆ. ತೊಂಬತ್ತರ ದಶಕದ ನಡುವಿನಲ್ಲಿ ಸಣ್ಣದಾಗಿ ಶುರುವಾಯಿತು. ಯೋಚನೆ ಸರಳ. ಹಿರಿಯರಿಗೆ "ನಿಮ್ಮ ಆರೋಗ್ಯಕ್ಕಾಗಿ ಬನ್ನಿ" ಅಂತ ಹೇಳುವುದು ಬೇಡ. "ಮಕ್ಕಳಿಗೆ ನೀವು ಬೇಕು, ಬನ್ನಿ" ಅಂತ ಹೇಳೋಣ. ಮಕ್ಕಳಿಗಾಗಿ ಬರಲಿ, ಬರುವ ದಾರಿಯಲ್ಲಿ ಆರೋಗ್ಯವೂ ಸಿಗಲಿ.

ದೊಡ್ಡ ಪ್ರಯೋಗ ಶುರುವಾದದ್ದು 2006ರಲ್ಲಿ. 60 ದಾಟಿದವರು, ಓದಲು ಬರುವವರು, ಒಂದು ಸಣ್ಣ ನೆನಪಿನ ಪರೀಕ್ಷೆಯಲ್ಲಿ ಪಾಸಾದವರು ಸೇರಬಹುದಿತ್ತು. ಸೇರಿದವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ ಹೆಂಗಸರು. ಹಲವರ ಆದಾಯ ಕಡಿಮೆ. ಸಾಮಾನ್ಯವಾಗಿ ಸ್ವಯಂಸೇವೆಯ ಸಮೀಕ್ಷೆಗಳಲ್ಲಿ ಕಾಣದ ಜನ ಇವರು, ಅದೇ ಈ ಪ್ರಯೋಗದ ದೊಡ್ಡ ಬೆಲೆ. ಒಟ್ಟು 702 ಜನರಲ್ಲಿ 352 ಜನ ಶಾಲೆಗೆ, 350 ಜನ ಇನ್ನೊಂದು ಗುಂಪಿಗೆ. ಎರಡನೆಯ ಗುಂಪಿನವರಿಗೆ ಏನೂ ಮಾಡಬೇಡಿ ಅನ್ನಲಿಲ್ಲ, ಊರಿನಲ್ಲಿ ಮಾಮೂಲಿಯಾಗಿ ಸಿಗುವ ಬೇರೆ ಸೇವೆಗಳ ದಾರಿ ತೋರಿಸಿದರು.

ಶಾಲೆಗೆ ಹೋದವರ ಕೆಲಸ ಹಗುರವಾದದ್ದಲ್ಲ. ವಾರಕ್ಕೆ 15 ಗಂಟೆ. ಪೂರ್ತಿ ಶೈಕ್ಷಣಿಕ ವರ್ಷ, ಅದೂ ಎರಡು ವರ್ಷ. ಶುರುವಾಗುವ ಮೊದಲು ತರಬೇತಿ. ಓಡಾಟದ ಖರ್ಚಿಗೆ ಅಂತ ತಿಂಗಳಿಗೆ ಸ್ವಲ್ಪ ಹಣ. ಮತ್ತು ಇದು ಮುಖ್ಯ: ಒಂದು ಶಾಲೆಗೆ ಒಬ್ಬರನ್ನೋ ಇಬ್ಬರನ್ನೋ ಕಳಿಸಲಿಲ್ಲ, ತಂಡವಾಗಿ ಕಳಿಸಿದರು. ಶಿಶುವಿಹಾರದಿಂದ ಮೂರನೆಯ ತರಗತಿಯವರೆಗಿನ ಮಕ್ಕಳ ಜೊತೆ ಓದುವುದು, ಲೆಕ್ಕ ಮಾಡಿಸುವುದು, ಮುಚ್ಚಿಹೋಗಿದ್ದ ಗ್ರಂಥಾಲಯ ತೆರೆದು ಪುಸ್ತಕ ಆರಿಸಿಕೊಡುವುದು, ಜಗಳ ಬಂದಾಗ ಮಾತಿನಲ್ಲಿ ಬಗೆಹರಿಸುವುದನ್ನು ಕಲಿಸುವುದು ಅವರ ಕೆಲಸ.

ಇದನ್ನು ಓದುವಾಗ ನನಗೆ ನಮ್ಮತ್ತೆಯ ಶಾಲೆಯಲ್ಲಿ ಕಳೆದ ಒಂದು ಬೆಳಗ್ಗೆ ನೆನಪಾಗುತ್ತಿತ್ತು. ನಲಿ-ಕಲಿ ಕೋಣೆ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಒಬ್ಬ ಹುಡುಗ ಪುಸ್ತಕ ಹಿಡಿದು "ರಾ... ರಾಷ..." ಅಂತ ನಿಂತುಬಿಟ್ಟ. ಮುಂದಿನದು "ರಾಷ್ಟ್ರ". ಅತ್ತೆ ಹೇಳಿಕೊಡಲಿಲ್ಲ. ಹಳೆಯ ಮದುವೆ ಪತ್ರಿಕೆಗಳ ಹಿಂಭಾಗದಲ್ಲಿ ದಪ್ಪಗೆ ಬರೆದು ಕತ್ತರಿಸಿಟ್ಟುಕೊಂಡಿದ್ದ ಅಕ್ಷರಗಳ ಚೀಟಿಗಳನ್ನು ತೆಗೆದರು. ಷ ಇಟ್ಟರು. ಅದರ ಕೆಳಗೆ ಟ. ಅದರ ಪಕ್ಕಕ್ಕೆ ರ. "ಮೂರು ಜನ ಒಂದೇ ಸೈಕಲ್ಲಿನಲ್ಲಿ ಹೋಗ್ತಿದ್ದಾರೆ, ಯಾರ್ಯಾರು ಹೇಳು" ಅಂದರು. ಅವನು ಒಬ್ಬೊಬ್ಬರನ್ನೇ ಇಳಿಸಿ ನೋಡಿದ, ಮತ್ತೆ ಹತ್ತಿಸಿದ, ಆಮೇಲೆ ಗಟ್ಟಿಯಾಗಿ ಓದಿದ. ಅಷ್ಟರಲ್ಲಿ ಇನ್ನೊಂದು ಗುಂಪಿನಿಂದ "ಅಜ್ಜೀ" ಅಂತ ಕೂಗು. ಅತ್ತೆ ಗಿಡ್ಡ ಸ್ಟೂಲಿನಿಂದ ಮೊಣಕಾಲ ಮೇಲೆ ಕೈಯೂರಿ ಎದ್ದರು. ಒಂದು ಗಂಟೆಯಲ್ಲಿ ಅವರು ಹಾಗೆ ಎಷ್ಟು ಸಲ ಎದ್ದು ಕೂತರು ಅಂತ ನಾನು ಸುಮ್ನೆ ಎಣಿಸಿದೆ. ಹದಿನಾಲ್ಕು.

ಫಿಸಿಯೋಥೆರಪಿಯವರು ಮೊಣಕಾಲು, ತೊಡೆ ಗಟ್ಟಿಯಾಗಲು ಕುರ್ಚಿಯಿಂದ ಎದ್ದು ಕೂರಿ, ದಿನಕ್ಕೆ ಹತ್ತು ಸಲ ಮಾಡಿ ಅಂತ ಹೇಳಿಕೊಟ್ಟಿದ್ದರು. ಅತ್ತೆ ಮನೆಯಲ್ಲಿ ಒಂದು ದಿನವೂ ಅದನ್ನು ಮಾಡಿದವರಲ್ಲ.

ಬಾಲ್ಟಿಮೋರ್‌ನ ಯೋಜನೆ ಕೆಲಸ ಮಾಡಬೇಕಾದ ಬಗೆಯೂ ಇದೇ. ಮೂರು ದಾರಿಗಳಿಂದ ಲಾಭ ಬರಬಹುದು ಅಂತ ಅವರ ಲೆಕ್ಕ. ಮೊದಲನೆಯದು ಮೈ: ಮನೆಯಿಂದ ಬಸ್ ಸ್ಟಾಪ್, ಅಲ್ಲಿಂದ ಶಾಲೆ, ಶಾಲೆಯೊಳಗೆ ಮೆಟ್ಟಿಲು, ಕೋಣೆಯಿಂದ ಕೋಣೆಗೆ ಓಡಾಟ. ಎರಡನೆಯದು ತಲೆ: ಮಕ್ಕಳ ಹೆಸರು ನೆನಪಿಡಬೇಕು, ಯಾರು ಎಲ್ಲಿಯವರೆಗೆ ಓದಿದ್ದರು ಅಂತ ನೆನಪಿಡಬೇಕು, ಒಂದು ಮಗುವಿಗೆ ಕಥೆ ಓದುತ್ತಲೇ ಇನ್ನೊಂದು ಮಗು ಹೊರಗೆ ಓಡಿತಾ ಅಂತ ನೋಡಬೇಕು, ಹೇಳಿಕೊಟ್ಟ ರೀತಿ ಅರ್ಥವಾಗದಿದ್ದರೆ ಥಟ್ಟನೆ ಬೇರೆ ರೀತಿ ಹುಡುಕಬೇಕು. ಮಿದುಳಿನ ಮುಂಭಾಗಕ್ಕೆ ಇದಕ್ಕಿಂತ ಒಳ್ಳೆಯ ಕಸರತ್ತು ಸಿಗುವುದು ಕಷ್ಟ, ಮತ್ತು ವಯಸ್ಸಾದಂತೆ ಬೇಗ ಸವೆಯುವ ಭಾಗಗಳಲ್ಲಿ ಅದೂ ಒಂದು. ಮೂರನೆಯದು ಜನ: ತಂಡದ ಗೆಳೆಯರು, ಟೀಚರುಗಳು, ಮಕ್ಕಳು.

ಫಲ ಏನು ಬಂತು?

ದೊಡ್ಡ ಪ್ರಯೋಗಕ್ಕೆ ಮೊದಲು ನಡೆದ ಸಣ್ಣ ಪ್ರಯೋಗದಲ್ಲೇ, ಕೆಲವೇ ತಿಂಗಳಲ್ಲಿ, ಶಾಲೆಗೆ ಹೋದವರ ಓಡಾಟ ಹೆಚ್ಚಿತ್ತು. ಟಿವಿ ನೋಡುವ ಹೊತ್ತು ಅವರಲ್ಲಿ ಸ್ವಲ್ಪ ಇಳಿದಿತ್ತು, ಇನ್ನೊಂದು ಗುಂಪಿನಲ್ಲಿ ಏರಿತ್ತು. ಕಷ್ಟ ಬಂದರೆ ಕೇಳಬಹುದಾದ ಜನ ಎಷ್ಟು ಇದ್ದಾರೆ ಅನ್ನುವ ಪ್ರಶ್ನೆಗೆ ಅವರ ಉತ್ತರದ ಸಂಖ್ಯೆ ಹೆಚ್ಚಾಗಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕೊನೆಯದು. ಎಪ್ಪತ್ತರ ನಂತರ ನಮ್ಮ ಫೋನಿನಲ್ಲಿ ಇರುವ ನಂಬರುಗಳು ಒಂದೊಂದಾಗಿ ಕಡಿಮೆಯಾಗುತ್ತಾ ಹೋಗುತ್ತವೆ, ಹೊಸದು ಸೇರುವುದು ಅಪರೂಪ. ಇಲ್ಲಿ ಸೇರಿತು.

ದೊಡ್ಡ ಪ್ರಯೋಗದಲ್ಲಿ ಒಂದಷ್ಟು ಜನರ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿದ್ದರು. ಎರಡು ವರ್ಷದ ಕೊನೆಯಲ್ಲಿ ಶಾಲೆಗೆ ಹೋಗುವ ಹೆಂಗಸರು, ಇನ್ನೊಂದು ಗುಂಪಿನ ಹೆಂಗಸರಿಗಿಂತ ದಿನಕ್ಕೆ ಸುಮಾರು 1,500 ಹೆಜ್ಜೆ ಜಾಸ್ತಿ ನಡೆಯುತ್ತಿದ್ದರು. ಹತ್ತಿರಹತ್ತಿರ ಒಂದು ಕಿಲೋಮೀಟರ್. ಜೋರು ನಡಿಗೆಯಲ್ಲ, ಮಾಮೂಲಿ ಓಡಾಟ. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಇನ್ನು ಮೆದುಳು. ಮಿಷೆಲ್ ಕಾರ್ಲ್‌ಸನ್ ಅವರ ತಂಡ 111 ಜನರ ಎಂಆರ್‌ಐ ಸ್ಕ್ಯಾನ್‌ಗಳನ್ನು ಶುರುವಿನಲ್ಲಿ, ಒಂದು ವರ್ಷದ ಮೇಲೆ, ಎರಡು ವರ್ಷದ ಮೇಲೆ ಹೋಲಿಸಿ ನೋಡಿತು. 2015ರಲ್ಲಿ ಪ್ರಕಟವಾಯಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗ ಮೆದುಳಿನ ಒಳಗಿದೆ, ಕಡಲಕುದುರೆಯ ಆಕಾರದ್ದು. ವಯಸ್ಸಾದವರಲ್ಲಿ ಅದು ವರ್ಷಕ್ಕೆ ಒಂದೆರಡು ಶೇಕಡಾ ಕುಗ್ಗುತ್ತಾ ಹೋಗುತ್ತದೆ. ಎರಡು ವರ್ಷದ ನಂತರ, ಶಾಲೆಗೆ ಹೋಗದ ಗುಂಪಿನ ಗಂಡಸರಲ್ಲಿ ಮೆದುಳಿನ ಅಳತೆಗಳು 0.8ರಿಂದ 0.9% ಕುಗ್ಗಿದ್ದವು. ಹೋದ ಗಂಡಸರಲ್ಲಿ 0.7ರಿಂದ 1.6% ಹೆಚ್ಚಾಗಿದ್ದವು. ಹೆಂಗಸರಲ್ಲೂ ಅದೇ ದಿಕ್ಕು, ಆದರೆ ಲಾಭ ಇನ್ನೂ ಸಣ್ಣದು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ಗಂಡಸರು, ಹೆಂಗಸರು ಎಲ್ಲರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಎರಡು ಗುಂಪುಗಳ ವ್ಯತ್ಯಾಸ ಅಂಕಿಅಂಶದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಗಂಡಸರನ್ನು ಬೇರೆ ಮಾಡಿ ನೋಡಿದಾಗ ಕಂಡಿತು, ಮತ್ತು ಆ ಗಂಡಸರ ಸಂಖ್ಯೆ ಚಿಕ್ಕದು. ಹಾಗಾಗಿ ಸ್ವಯಂಸೇವೆಯಿಂದ ಮೆದುಳು ಬೆಳೆಯುತ್ತದೆ ಅನ್ನುವ ತಲೆಬರಹ ಜಾಸ್ತಿಯಾಯಿತು. ಕುಗ್ಗುವುದು ನಿಧಾನವಾಗಬಹುದು ಅನ್ನಲು ಒಳ್ಳೆಯ ಸುಳಿವು ಇದೆ ಅಂತ ಹೇಳಿದರೆ ಸರಿ. ಇದು ತೀರಾ ನಂಬಲಾಗದ ಸುಳಿವೂ ಅಲ್ಲ. ವರ್ಷವಿಡೀ ನಿಯಮಿತವಾಗಿ ಚುರುಕು ನಡಿಗೆ ಮಾಡಿದ ಹಿರಿಯರಲ್ಲಿ ಇದೇ ಹಿಪೊಕ್ಯಾಂಪಸ್ ಸುಮಾರು 2% ಹೆಚ್ಚಿದ್ದನ್ನು 2011ರ ಬೇರೊಂದು ಪ್ರಯೋಗ ತೋರಿಸಿತ್ತು. ಅರವತ್ತರ ನಂತರವೂ ಮೆದುಳು ಬದಲಾಗಬಲ್ಲದು ಅನ್ನುವುದಂತೂ ಖಚಿತ.

ಮಕ್ಕಳಿಗೆ ಏನಾಯಿತು ಅಂತಲೂ ಕೇಳಬೇಕಲ್ಲ. ಮೊದಲಿನ ಪ್ರಯೋಗದ ಶಾಲೆಗಳಲ್ಲಿ ಮೂರನೆಯ ತರಗತಿಯವರ ಓದಿನ ಅಂಕ ಸುಧಾರಿಸಿತು. ತಂಟೆ ಮಾಡಿ ಮುಖ್ಯೋಪಾಧ್ಯಾಯರ ಕೋಣೆಗೆ ಕಳಿಸಲ್ಪಡುವ ಮಕ್ಕಳು ಕಡಿಮೆಯಾದರು.

ಇದೆಲ್ಲ ಬರಿ ನಡಿಗೆಯ, ಬರಿ ಮೆದುಳಿನ ಕಸರತ್ತಿನ ಲಾಭ ಆಗಿದ್ದರೆ, ಟ್ರೆಡ್‌ಮಿಲ್ ಮೇಲೆ ನಿಂತು ಪದಬಂಧ ತುಂಬಿದರೂ ಸಾಕಿತ್ತು. ನಾನು ಓದಿ ತಿಳಿದಷ್ಟರಲ್ಲಿ, ಇದರ ಗುಟ್ಟು ಬೇರೆ ಕಡೆ ಇದೆ. ಅಲ್ಲಿ ಇವರಿಗಾಗಿ ಯಾರೋ ಕಾಯುತ್ತಿರುತ್ತಾರೆ. ಮಳೆ ಬಂದ ದಿನ ವಾಕಿಂಗ್ ತಪ್ಪಿಸಬಹುದು, ಯಾರೂ ಕೇಳುವುದಿಲ್ಲ. ಶಾಲೆಗೆ ತಪ್ಪಿಸಿದರೆ ಮಾರನೆಯ ದಿನ "ನಿನ್ನೆ ಯಾಕೆ ಬರ್ಲಿಲ್ಲ ಅಜ್ಜಿ?" ಅಂತ ಕೇಳುವವರು ಇದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಅಂತಲೇ ಕಾಲು ಚಪ್ಪಲಿಯ ಕಡೆಗೆ ಹೋಗುತ್ತದೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಹೇಳಿದ್ದು ಇದಕ್ಕೆ ಹತ್ತಿರದ ಮಾತು: ಬದುಕಿನ ಮಧ್ಯಭಾಗ ದಾಟಿದ ಮೇಲೆ ಮನುಷ್ಯನಿಗೆ ಮುಂದಿನ ಪೀಳಿಗೆಗೆ ಏನನ್ನಾದರೂ ದಾಟಿಸುವ ಹಂಬಲ ಇರುತ್ತದೆ, ಅದಕ್ಕೆ ದಾರಿ ಸಿಗದಿದ್ದರೆ ಬದುಕು ನಿಂತ ನೀರಾಗುತ್ತದೆ ಅಂತ. ಬಾಲ್ಟಿಮೋರ್‌ನವರು ಇದನ್ನೂ ಅಳೆದರು. ಮುಂದಿನವರಿಗೆ ನಾನು ಏನೋ ಕೊಡುತ್ತಿದ್ದೇನೆ ಅನ್ನುವ ಭಾವನೆ ಶಾಲೆಗೆ ಹೋದವರಲ್ಲಿ ಹೆಚ್ಚಾಗಿತ್ತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದವರನ್ನು ಇಳಿವಯಸ್ಸಿನವರೆಗೂ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರಲ್ಲಿ ಸ್ವಯಂಸೇವೆ ಯಾಕೆ ಮಾಡುತ್ತೀರಿ ಅಂತ ಕೇಳಿದ್ದರು. ನಾಲ್ಕು ವರ್ಷದ ನಂತರ ನೋಡಿದಾಗ, ಸೇವೆ ಮಾಡದವರಲ್ಲಿ 4.3% ಜನ ತೀರಿಕೊಂಡಿದ್ದರು. ಹೆಚ್ಚಾಗಿ ತಮಗೆ ಸಿಗುವ ಲಾಭಕ್ಕಾಗಿ ಮಾಡುವವರಲ್ಲಿ 4%. ಹೆಚ್ಚಾಗಿ ಬೇರೆಯವರಿಗಾಗಿ ಮಾಡುವವರಲ್ಲಿ 1.6%. 2012ರ ಈ ಲೆಕ್ಕವೂ ಲಾಲ್‌ಬಾಗಿನ ತೊಡಕಿನಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ, ಆದರೂ ನನ್ನನ್ನು ಯೋಚನೆಗೆ ಹಚ್ಚಿದೆ. ಅಪ್ಪನಿಗೋ ಅಮ್ಮನಿಗೋ ಇದನ್ನು ಸೂಚಿಸುವಾಗ "ನಿಮ್ಮ ಶುಗರ್‌ಗೆ ಒಳ್ಳೇದು, ಹೋಗಿ" ಅಂತ ಹೇಳುವುದಕ್ಕಿಂತ "ಅಲ್ಲಿ ನಿಮ್ಮಂಥವರು ಬೇಕಂತೆ" ಅಂತ ಹೇಳುವುದು ವಾಸಿ, ಅದು ನಿಜವಾಗಿದ್ದರೆ.

ಎಷ್ಟು ಮಾಡಿದರೆ ಸಾಕು? ಜಾಸ್ತಿ ಮಾಡಿದಷ್ಟೂ ಜಾಸ್ತಿ ಲಾಭ ಅಂತ ಇಲ್ಲ. 64ರಿಂದ 68 ವಯಸ್ಸಿನ ಆಸ್ಟ್ರೇಲಿಯನ್ನರನ್ನು ನೋಡಿದ 2008ರ ಅಧ್ಯಯನದಲ್ಲಿ, ವರ್ಷಕ್ಕೆ 100ರಿಂದ 800 ಗಂಟೆ ಸೇವೆ ಮಾಡುವವರ ಮನಸ್ಸಿನ ನೆಮ್ಮದಿ ಚೆನ್ನಾಗಿತ್ತು. ಅದಕ್ಕಿಂತ ಕಡಿಮೆ ಮಾಡಿದವರಲ್ಲೂ, ಅದಕ್ಕಿಂತ ಜಾಸ್ತಿ ಮಾಡಿದವರಲ್ಲೂ ಅಷ್ಟಿರಲಿಲ್ಲ. ವಾರಕ್ಕೆ ಎರಡರಿಂದ ಹದಿನೈದು ಗಂಟೆ ಅಂತ ಇಟ್ಟುಕೊಳ್ಳಿ. ಅದನ್ನು ಮೀರಿದರೆ ಅದೂ ಒಂದು ನೌಕರಿ ಆಗುತ್ತದೆ, ಸಂಬಳ ಇಲ್ಲದ್ದು.

ಇಲ್ಲಿ ನಮ್ಮ ಮನೆಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ನಿವೃತ್ತಿ ಅನ್ನುವುದೇ ಇಲ್ಲ. ಅರವತ್ತೈದರಲ್ಲೂ ಬೆಳಗ್ಗೆ ಎದ್ದು ಎಲ್ಲರ ಡಬ್ಬಿ ಕಟ್ಟಬೇಕು, ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕು, ಹಾಸಿಗೆ ಹಿಡಿದ ಗಂಡನಿಗೋ ಅತ್ತೆಗೋ ಆರೈಕೆ ಮಾಡಬೇಕು. ಅವರಿಗೆ ಹೋಗಿ ಸ್ವಯಂಸೇವೆ ಮಾಡಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವುದು ಅನ್ಯಾಯ. ಸಹಾಯ ಕೊಡುವುದರಿಂದ ಲಾಭ ಇದೆ ಅನ್ನುವುದು ನಿಜ. 423 ಹಿರಿಯ ದಂಪತಿಗಳನ್ನು ಐದು ವರ್ಷ ಗಮನಿಸಿದ 2003ರ ಅಧ್ಯಯನದಲ್ಲಿ, ಬೇರೆಯವರಿಗೆ ನೆರವಾಗುವವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು, ಬರಿ ನೆರವು ಪಡೆಯುವುದರಿಂದ ಅಂಥ ಲಾಭ ಕಾಣಲಿಲ್ಲ. ಆದರೆ ಹಗಲೂ ರಾತ್ರಿ, ಬಿಡುವಿಲ್ಲದೆ, ಆಗುವುದಿಲ್ಲ ಅನ್ನುವ ಹಕ್ಕೂ ಇಲ್ಲದೆ ಮಾಡುವ ಆರೈಕೆ ಬೇರೆ. ಅದು ಮೈಯನ್ನೂ ಮನಸ್ಸನ್ನೂ ಸವೆಸುತ್ತದೆ. ಅಂಥವರಿಗೆ ಬೇಕಾದದ್ದು ಇನ್ನೊಂದು ಕೆಲಸವಲ್ಲ. ವಾರಕ್ಕೆ ನಾಲ್ಕು ಗಂಟೆ ಬೇರೆ ಯಾರಾದರೂ ಬಂದು ಅವರ ಜಾಗದಲ್ಲಿ ಕೂರಬೇಕು.

ಬಾಲ್ಟಿಮೋರ್‌ನಲ್ಲಿ ಯೋಜನೆಯನ್ನು ಕಟ್ಟಿದ ರೀತಿಯಲ್ಲೇ ನಮಗೆ ಬೇಕಾದ ಪಾಠಗಳಿವೆ ಅಂತ ನನಗನಿಸುತ್ತದೆ. ಅವರು ತರಬೇತಿ ಕೊಟ್ಟರು. ನಮ್ಮಲ್ಲಿ "ಬನ್ನಿ, ಏನಾದ್ರೂ ಹೇಳಿಕೊಡಿ" ಅಂತ ಕೋಣೆಯೊಳಗೆ ಬಿಟ್ಟುಬಿಡುತ್ತಾರೆ, ಹಿರಿಯರು ಎರಡು ವಾರ ತಡಕಾಡಿ ನಿಲ್ಲಿಸುತ್ತಾರೆ. ಅವರು ತಂಡ ಮಾಡಿದರು, ಹಾಗಾಗಿ ಒಬ್ಬರಿಗೆ ಹುಷಾರಿಲ್ಲದಿದ್ದರೆ ಕೆಲಸ ನಿಲ್ಲುತ್ತಿರಲಿಲ್ಲ, ಉಳಿದವರು ಮನೆಗೆ ಹೋಗಿ ನೋಡಿಕೊಂಡೂ ಬರಬಹುದಿತ್ತು. ಅವರು ಓಡಾಟದ ಖರ್ಚು ಕೊಟ್ಟರು, ಹಾಗಾಗಿ ಬಡವರೂ ಬರಲು ಆಯಿತು. ಸೇವೆ ಅಂದಮೇಲೆ ದುಡ್ಡಿನ ಮಾತು ಆಡಬಾರದು ಅನ್ನುವ ಸಂಕೋಚ ನಮ್ಮಲ್ಲಿದೆ. ಆದರೆ ಪಿಂಚಣಿ ಇಲ್ಲದ ಒಬ್ಬ ಹಿರಿಯರಿಗೆ ಆಟೋದ ನಲವತ್ತು ರೂಪಾಯಿಯೇ ಬಾಗಿಲು ಮುಚ್ಚಿಬಿಡಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಸೆ ಇದ್ದರೆ ಹತ್ತಿರದ ಸರ್ಕಾರಿ ಶಾಲೆಯ ಎಚ್‌ಎಂ ಅವರನ್ನೋ, ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೋ ಕೇಳಿ ನೋಡಬಹುದು. ಶಾಲೆಯೇ ಆಗಬೇಕು ಅಂತೇನಿಲ್ಲ. ಗ್ರಂಥಾಲಯ, ಆಸ್ಪತ್ರೆಯಲ್ಲಿ ದಾರಿ ತಿಳಿಯದೆ ನಿಂತವರಿಗೆ ಹೊರರೋಗಿಗಳ ಚೀಟಿ ಮಾಡಿಸಿಕೊಡುವುದು, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವುದು, ಎಲ್ಲವೂ ಇವೆ. ದಿನ ಮತ್ತು ಹೊತ್ತು ಗೊತ್ತಾಗಿರಲಿ, "ಬಿಡುವಾದಾಗ ಬರ್ತೀನಿ" ಅಂದರೆ ಬಿಡುವು ಆಗುವುದೇ ಇಲ್ಲ. ಒಪ್ಪುವ ಮೊದಲು ಒಂದು ಸಲ ಹೋಗಿ ಜಾಗ ನೋಡಿ. ಮೆಟ್ಟಿಲಿಗೆ ಹಿಡಿಕೆ ಇದೆಯಾ, ಹಿರಿಯರು ಬಳಸಬಹುದಾದ ಶೌಚಾಲಯ ಇದೆಯಾ, ಕುಡಿಯುವ ನೀರು ಇದೆಯಾ ಅಂತ ನೋಡಿ. ಶೌಚಾಲಯ ಸರಿಯಿಲ್ಲದ ಕಡೆ ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯದೇ ಇರುತ್ತಾರೆ, ಅದರಿಂದ ಆಗುವ ಕೆಡುಕಿನ ಮುಂದೆ ಮಿಕ್ಕ ಲಾಭ ಎಲ್ಲ ಕೊಚ್ಚಿಹೋಗುತ್ತದೆ.

ನಮ್ಮತ್ತೆ ಕೇಳಿದ್ದು ಒಂದೇ, ಬೆನ್ನಿಗೆ ಒರಗುವ ಕುರ್ಚಿ. ಕೋಣೆಯಲ್ಲಿ ಗಿಡ್ಡ ಸ್ಟೂಲು ಬಿಟ್ಟರೆ ಬೇರೆ ಇರಲಿಲ್ಲ. ಹೋದ ತಿಂಗಳು ಎಚ್‌ಎಂ ಮೇಡಂ ಆಫೀಸಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕಳಿಸಿದ್ದಾರೆ. ಮೂರನೆಯ ತರಗತಿಯ ಮಕ್ಕಳು ಅದರ ಹಿಂಭಾಗಕ್ಕೆ "ಅಜ್ಜಿ" ಅಂತ ಬರೆದ ಚೀಟಿ ಅಂಟಿಸಿದ್ದಾರಂತೆ. ಜ ಒತ್ತು ಸರಿಯಾಗಿಯೇ ಇದೆ ಅಂತ ಫೋನಿನಲ್ಲಿ ಹೇಳಿದರು.